ತಂಗಿಗೆ ಕೊಟ್ಟ ತಾಳ

ನಾನು ಮೈಸೂರಿನಲ್ಲಿ ತತ್ತ್ವಶಾಸ್ತ್ರದ ಸಂಶೋಧನೆಗೆ ಸೇರಿದಾಗ ತೆರಕಣಾಂಬಿ ಕಡೆಯ ನಮ್ಮೂರಿನಲ್ಲಿ ಎಲ್ಲರೂ ಕೇಳುತ್ತಿದ್ದುದು ಒಂದೇ ಮಾತು: "ಅದ್ನ ಓದುದ್ರೆ ಯಾವ ಕೆಲ್ಸ ಸಿಕ್ಕದಮ್ಮಿ?" ನಮ್ಮ ಪ್ರಾಚೀನ ತಾರ್ಕಿಕರು ಶಬ್ದದ ಬಗ್ಗೆ ಏನು ಹೇಳಿದ್ದಾರೆ, ಸಂಗೀತದೊಳಗೆ ಯಾರಿಗೆ ಜಾಗ ಇದೆ, ಯಾರಿಗೆ ಇಲ್ಲ ಎಂಬುದು ನನ್ನ ವಿಷಯ. ಬಣ್ಣವನ್ನು ಕಣ್ಣು ಹಿಡಿಯುತ್ತದೆ, ಶಬ್ದವನ್ನು ಕಿವಿ ಮಾತ್ರ ಹಿಡಿಯುತ್ತದೆ ಎಂದು ಅವರು ಕಡ್ಡಿ ಮುರಿದಂತೆ ಹೇಳಿಬಿಟ್ಟಿದ್ದಾರೆ. ಹಾಗಾದರೆ ಕಿವಿ ಕೇಳದವರ ಗತಿ ಏನು ಎಂದು ನಾನು ಕೇಳಿದರೆ ನನ್ನ ಗೈಡು, "ಅದು ಅವರ ಪ್ರಶ್ನೆ ಅಲ್ಲ ಕಣಮ್ಮ" ಎನ್ನುತ್ತಿದ್ದರು. ಅವರದಲ್ಲದಿದ್ದರೆ ಬೇಡ, ನನ್ನದಂತೂ ಹೌದು. ನನ್ನ ತಂಗಿಗೆ ಹುಟ್ಟಿನಿಂದ ಕಿವಿ ಕೇಳಿಸದು.

ನಮ್ಮೂರ ಹೆಂಗಸರು ಪ್ರತಿ ಶನಿವಾರ ಸಂಜೆ ರಾಮಮಂದಿರದಲ್ಲಿ ಭಜನೆ ಮಾಡುತ್ತಾರೆ. ಅವ್ವ ಹಾಡುತ್ತಾಳೆ, ಅವ್ವನ ಅಕ್ಕ, ನಮ್ಮ ದೊಡ್ಡವ್ವ, ಡೋಲಕ್ ಬಾರಿಸುತ್ತಾಳೆ. ವಾರವೆಲ್ಲ ಚೆಂಡುಹೂವಿನ ಹೊಲದಲ್ಲಿ ಬೆನ್ನು ಬಗ್ಗಿಸಿ ಹೂ ಬಿಡಿಸುವ ತಂಗಿ, ಶನಿವಾರ ಮಾತ್ರ ತಲೆಗೆ ಎಣ್ಣೆ ಹಚ್ಚಿ ಬಾಚಿಕೊಂಡು ಹೊರಟುಬಿಡುತ್ತಿದ್ದಳು. ದೊಡ್ಡವ್ವ ಅವಳನ್ನು ಮಗ್ಗುಲಿಗೇ ಕೂರಿಸಿಕೊಂಡು, ಅವಳ ಮಂಡಿ ಡೋಲಕ್ಕಿಗೆ ತಾಗುವಂತೆ ನೋಡಿಕೊಳ್ಳುತ್ತಿದ್ದಳು. ಪೆಟ್ಟು ಮಂಡಿಯಿಂದ ಹತ್ತಿ ಕೈಗೆ ಬರುತ್ತಿತ್ತು. ಅಷ್ಟರಲ್ಲೇ ಅವಳು ಕೈಯಲ್ಲಿನ ಹಿತ್ತಾಳೆ ತಾಳ ಬಾರಿಸುತ್ತಿದ್ದಳು, ಒಂದು ಪೆಟ್ಟೂ ತಪ್ಪದೆ. ಎರಡೂ ಕಿವಿ ನೆಟ್ಟಗಿರುವ ನಾನು ಹಾಡಲು ಕೂತರೆ ಪಲ್ಲವಿಯಲ್ಲೇ ಎಡವುತ್ತೇನೆ. ಮಿಕ್ಕ ದಿನ ಅವಳನ್ನು ಮೂಗಿ ಎಂದು ಕರೆಯುವ ಊರು ಆ ಒಂದು ಸಂಜೆ "ತಾಳದೋಳು" ಎನ್ನುತ್ತಿತ್ತು.

ಇದನ್ನು ನನ್ನ ಪ್ರಬಂಧದ ಒಂದು ಅಧ್ಯಾಯದಲ್ಲಿ ಬರೆದೆ. ವಿಚಾರ ಸಂಕಿರಣದಲ್ಲಿ ಓದಿದಾಗ ಜನ ಚಪ್ಪಾಳೆ ತಟ್ಟಿದರು, ಊಟದ ಹೊತ್ತಿಗೆ ಇಬ್ಬರು ಬಂದು ತಂಗಿಯ ಫೋಟೋ ಕೇಳಿದರು. ನಾನು ಬೀಗಿದ್ದೂ ಬೀಗಿದ್ದೇ.

ಅದೇ ವರ್ಷ ಗುಂಡ್ಲುಪೇಟೆಯಲ್ಲಿ ಭಜನಾ ಸ್ಪರ್ಧೆ ಇತ್ತು, ನಾನೂ ಹೋಗಿದ್ದೆ. ವೇದಿಕೆಯ ಮೇಲೆ ಸಾಲಾಗಿ ಮೈಕು. ಡೋಲಕ್ಕಿಗೆ ಬೇರೆ ಮೈಕು ಇದೆ ಎಂದು ದೊಡ್ಡವ್ವನನ್ನು ಆ ತುದಿಗೆ ಕಳಿಸಿ, ತಂಗಿಯನ್ನು ಈ ತುದಿಗೆ ಕೂರಿಸಿದರು. ಅವಳು ದೊಡ್ಡವ್ವನ ಕೈ ನೋಡಲು ಕತ್ತು ಚಾಚಿದಳು, ನಡುವೆ ಹಾಡುವವರ ಹೆಗಲು ಅಡ್ಡ ಬರುತ್ತಿತ್ತು. ಎರಡನೇ ಹಾಡಿಗೆ ತಾಳ ಜಾರಿತು. ಅದು ಮೈಕಿನಲ್ಲಿ ಖಣಖಣ ಎನ್ನುತ್ತಿದ್ದರಿಂದ ಹಾಡುವವರೂ ಅದರ ಹಿಂದೆ ಹೋಗಿ ದಾರಿ ತಪ್ಪಿದರು. ಸಭೆಯಲ್ಲಿ ನಗೆ ಎದ್ದಿತು. ಅದು ಕೇಳಿಸದವಳು ಅವಳೊಬ್ಬಳೇ, ಖುಷಿಯಾಗಿ ಬಾರಿಸುತ್ತಲೇ ಇದ್ದಳು. ವಾಪಸ್ಸು ಬಸ್ಸಿನಲ್ಲಿ ಯಾರೂ ಅವಳನ್ನು ಬೈಯಲಿಲ್ಲ, ಕಿಟಕಿ ಪಕ್ಕದ ಸೀಟನ್ನೂ ಅವಳಿಗೇ ಬಿಟ್ಟರು. ಬೈದಿದ್ದರೇ ಚೆನ್ನಾಗಿತ್ತು ಎಂದು ಆಮೇಲೆ ಅನ್ನಿಸಿತು.

ಮುಂದಿನ ಸ್ಪರ್ಧೆ ಚಾಮರಾಜನಗರದಲ್ಲಿ. ನಾನು ಮೈಸೂರಿನಿಂದ ರೈಲು ಹತ್ತಿ ನೇರ ಅಲ್ಲಿಗೇ ಹೋದೆ. ವೇದಿಕೆಯ ಹಿಂದೆ ತಂಗಿ ಓಡಿಬಂದು ತನ್ನ ಕೈಯ ತಾಳ ತೋರಿಸಿದಳು. ಹೊಸ ದಾರ, ಕೆಂಪು ಉಲ್ಲನ್ನಿನ ಕುಚ್ಚು, ಅವ್ವನೇ ಕಟ್ಟಿದ್ದು. ಅವಳು ಒಮ್ಮೆ ಬಾರಿಸಿದಳು. ಹಿತ್ತಾಳೆಯ ದನಿಯೇ ಇಲ್ಲ, ಮಡಕೆಯ ಬೋಕಿಗೆ ಬಡಿದ ಹಾಗೆ ಟಪ್ ಎಂದಿತು. ನಾನು ಅವ್ವನ ಕೈ ಹಿಡಿದು ಅತ್ತ ಎಳೆದುಕೊಂಡು ಹೋದೆ.

"ಮಂದಿರದ ಹಳೇ ತಾಳ ಕಣಮ್ಮಿ, ಸೀಳೋಗದೆ," ಎಂದಳು ಅವ್ವ. "ಮೈಕಲ್ಲಿ ಕೇಳ್ಸಕ್ಕಿಲ್ಲ. ಅವ್ಳು ತಪ್ಪುದ್ರೂ ಯಾರ್ಗೂ ತೊಂದ್ರೆ ಇಲ್ಲ."

"ಅವ್ಳಿಗೆ ಗೊತ್ತಾ?"

"ಕಿವಿ ಕೇಳ್ದೋಳ್ಗೆ ಅದೆಲ್ಲಿ ಗೊತ್ತಾದ್ದು? ಎಲ್ಲಾರೂವೆ ಅವ್ಳ ಬುಟ್ಬುಟ್ಟು ಓಗನ ಅಂದ್ರು, ನಿಮ್ ದೊಡ್ಡವ್ವನೂವೆ. ನಂಗೆ ಮನ್ಸು ಬರ್ನಿಲ್ಲ. ಕುಂತ್ಕಂಡಿರ್ಲಿ ಬುಡು."

ಅವ್ವನ ಕಣ್ಣು ತುಂಬಿತ್ತು. ನನಗೆ ಕೆನ್ನೆಗೆ ಬಾರಿಸುವಷ್ಟು ಸಿಟ್ಟು, ಆದರೆ ಯಾರ ಕೆನ್ನೆಗೆ? ಅಷ್ಟರಲ್ಲಿ ನಮ್ಮೂರ ತಂಡವನ್ನು ಕರೆದರು.

ಅವತ್ತು ನಮ್ಮವರಿಗೆ ಬಹುಮಾನ ಬಂತು. ಕಿವಿ ಕೇಳದ ಹೆಣ್ಣುಮಗಳನ್ನೂ ಸೇರಿಸಿಕೊಂಡ ತಂಡ ಎಂದು ನಿರೂಪಕರು ಮೈಕಿನಲ್ಲಿ ಕೊಂಡಾಡಿದರು. ಜನ ಎದ್ದು ನಿಂತು ಕೈಯೆತ್ತಿ ಚಪ್ಪಾಳೆ ತಟ್ಟಿದರು, ಅದು ಅವಳಿಗೆ ಕಾಣಲಿ ಎಂದು. ಅವಳು ಎಲ್ಲರಿಗೂ ಕೈ ಮುಗಿದಳು.

ಹೇಳದೆ ಇರಲಾಗಲಿಲ್ಲ. ಮಾರನೇ ದಿನ ಬೆಳಗ್ಗೆ ಹಿತ್ತಲಿನಲ್ಲಿ ಅವಳು ಪಾತ್ರೆ ತೊಳೆಯುತ್ತಿದ್ದಾಗ ಆ ತಾಳ ತಂದು ಮುಂದೆ ಹಿಡಿದು, ಇದು ಒಡೆದಿದೆ, ಇದರಿಂದ ದನಿ ಬರುವುದಿಲ್ಲ, ನಿನಗೆ ಮೋಸ ಮಾಡಿದ್ದಾರೆ ಎಂದು ಸನ್ನೆಯಲ್ಲಿ ತಿಳಿಸಿದೆ. ಅವಳು ಅಳುತ್ತಾಳೆ ಎಂದುಕೊಂಡಿದ್ದೆ. ಅವಳು ಕೈ ಒರೆಸಿಕೊಂಡು ಒಳಗೆ ಹೋಗಿ ತಾನು ಮೊದಲು ಬಾರಿಸುತ್ತಿದ್ದ ಒಳ್ಳೆಯ ತಾಳ ತಂದಳು. ಒಂದು ಸಲ ಬಾರಿಸಿ, ತಟ್ಟನೆ ಅದರ ಅಂಚನ್ನು ನನ್ನ ದವಡೆಗೆ ಒತ್ತಿ ಹಿಡಿದಳು. ಹಲ್ಲಿನ ಬುಡದವರೆಗೂ ನಡುಕ ಹತ್ತಿತು, ಎಷ್ಟು ಹೊತ್ತಾದರೂ ಇಳಿಯಲಿಲ್ಲ. ಆಮೇಲೆ ಸೀಳಿದ್ದನ್ನು ಬಾರಿಸಿ ಹಾಗೇ ಒತ್ತಿದಳು. ಏನೂ ಇಲ್ಲ, ಬರೀ ತಣ್ಣನೆ ಲೋಹ. ತನ್ನ ಬೆರಳುಗಳನ್ನು ತೋರಿಸಿ, ಮೊದಲನೇ ಪೆಟ್ಟಿಗೇ ಗೊತ್ತಾಯಿತು ಎಂದಳು.

ಗೊತ್ತಿದ್ದೂ ಯಾಕೆ ಕೂತೆ ಎಂದು ಕೇಳಿದೆ.

ಅವಳು ಅಡುಗೆಮನೆಯ ಕಡೆ ತಿರುಗಿ, ಅವ್ವ ನೋಡುತ್ತಿಲ್ಲ ಎಂದು ಖಾತ್ರಿ ಮಾಡಿಕೊಂಡಳು. ನಂತರ ನಿಧಾನವಾಗಿ, ನನಗೆ ಒಂದೂ ತಪ್ಪದ ಹಾಗೆ ಸನ್ನೆ ಮಾಡಿದಳು. ಅವರಿಗೆ ಹೇಳಬೇಡ. ನನಗೆ ಗೊತ್ತಿದೆ ಎಂದು ತಿಳಿದರೆ ಅವರಿಗೆ ನಾಚಿಕೆಯಾಗುತ್ತದೆ. ನಾಚಿಕೆಯಾದರೆ ನನ್ನನ್ನು ಕರೆಯುವುದೇ ಇಲ್ಲ.

ನಾನು ತಲೆಯಾಡಿಸಿದೆ. ಅವಳು ಸೀಳಿದ ತಾಳವನ್ನು ಒರೆಸಿ, ಕುಚ್ಚು ಸರಿಮಾಡಿ ಭಜನೆಯ ಚೀಲಕ್ಕೆ ಹಾಕಿದಳು. ಒಳ್ಳೆಯದನ್ನು ಬಟ್ಟೆಯಲ್ಲಿ ಸುತ್ತಿ ಅಟ್ಟದ ಮೇಲೆ ಇಟ್ಟಳು.