ಅಪ್ಪ ಹಿಂದಕ್ಕೆ ತೆಗೆದುಕೊಂಡ ಉದಾಹರಣೆ

ಗದಗ ಹೊಸ ಜಿಲ್ಲೆಯಾಗಿ ಇನ್ನೂ ಎರಡು ವರ್ಷ ತುಂಬಿರಲಿಲ್ಲ. ನನ್ನ ನೇಮಕಾತಿ ಆದೇಶದಲ್ಲಿ ಅಚ್ಚಾಗಿದ್ದ ಧಾರವಾಡ ಎಂಬ ಹೆಸರಿಗೆ ಅಡ್ಡಗೆರೆ ಎಳೆದು ಪಕ್ಕದಲ್ಲಿ ಕೈಯಿಂದ ಗದಗ ಎಂದು ಬರೆದಿದ್ದರು. ಶಿರಹಟ್ಟಿ ತಾಲ್ಲೂಕಿನ ಮಾಗಡಿಯ ಶಾಲೆಯಲ್ಲಿ ಕನ್ನಡ ಕಲಿಸುವ ಕೆಲಸ. ನಮ್ಮೂರು ಬೆಟಗೇರಿಯಿಂದ ದಿನಾ ಹೋಗಿಬರುವುದು ಕಷ್ಟವೆಂದು ಅಪ್ಪ ಅಲ್ಲಿಯೇ ಒಂದು ಖೋಲಿ ಹುಡುಕಿದರು. ಮನೆ ಒಬ್ಬ ಪಿಂಜಾರ ಅಜ್ಜನದು. ಹತ್ತಿ ಹಿಂಜಿ ಗಾದಿ ತುಂಬಿ ಹೊಲಿಯುವುದು ಅವರ ಕಸುಬು. ಐದು ಹೊತ್ತಿನ ನಮಾಜು ತಪ್ಪಿಸಿದವರಲ್ಲ. ಅಪ್ಪನೂ ಅಷ್ಟೇ ಕಟ್ಟುನಿಟ್ಟು. ಕೈಮಗ್ಗದಲ್ಲಿ ಸೀರೆ ನೇಯುತ್ತಿದ್ದ ಅವರು ನಮ್ಮ ಚರ್ಚಿನಲ್ಲಿ ಸಭಾಹಿರಿಯರು. ನಾಲ್ಕು ದಶಕ ಸಂಡೇ ಸ್ಕೂಲಿನ ಮಕ್ಕಳಿಗೆ ಪಾಠ ಹೇಳಿದವರು. ನಾನೂ ಅವರ ಬಾಯಿಂದಲೇ ಕಲಿತವಳು.

ನನ್ನ ಟ್ರಂಕು ಇಳಿಸಿದ ದಿನ ಅಜ್ಜನ ಮನೆಯಲ್ಲಿಯೇ ಊಟವಾಯಿತು. ಜೋಳದ ರೊಟ್ಟಿ, ಮಡಿಕೆಕಾಳಿನ ಪಲ್ಯ. ಅಪ್ಪ ಉಣ್ಣುವ ಮೊದಲು ಕಣ್ಣು ಮುಚ್ಚಿ ಗಟ್ಟಿಯಾಗಿ ಪ್ರಾರ್ಥನೆ ಮಾಡಿದರು. ಮಗಳಿಗೆ ನೆಲೆ ಕೊಟ್ಟ ಮನೆಯನ್ನು ಆಶೀರ್ವದಿಸು ಎಂದು ಬೇಡಿಕೊಂಡು, ತಂದೆಯ, ಮಗನ, ಪವಿತ್ರಾತ್ಮನ ಹೆಸರಿನಲ್ಲಿ ಎಂದು ಮುಗಿಸಿದರು. ಅಜ್ಜ ತಲೆ ಬಗ್ಗಿಸಿ ಕೇಳಿಸಿಕೊಂಡರು. ಊಟ ಮುಗಿದು ಅಡಿಕೆ ಎಲೆ ಮುಂದೆ ಬಂದಾಗ, ಬೇಜಾರು ಮಾಡಿಕೊಳ್ಳಬಾರದು ಎಂದು ಮೊದಲೇ ಹೇಳಿ, ಕೇಳಿದರು.

"ಹಿರ್ಯಾರ, ನೀವು ದೇವರು ಒಬ್ಬನ ಅಂತೀರಿ. ಹೆಸರು ಮೂರು ಹೇಳಿದ್ರಿ. ಮೂರು ಮಂದಿ ಅದಾರೇನು?"

ಅಪ್ಪನಿಗೆ ಇದು ಹೊಸ ಪ್ರಶ್ನೆಯಲ್ಲ. ನಕ್ಕು, ನಮಗೆಲ್ಲ ಹೇಳುತ್ತಿದ್ದ ಉದಾಹರಣೆಯನ್ನೇ ಹೇಳಿದರು. ನೀರು ಒಂದೇ. ಕಾಯಿಸಿದರೆ ಉಗಿ, ಹೆಪ್ಪುಗಟ್ಟಿದರೆ ಬರ್ಫ. ಮೂರು ರೂಪ, ವಸ್ತು ಒಂದೇ. ಹಾಗೆಯೇ ನಮ್ಮ ತ್ರಿಯೇಕ ದೇವರು. ಅಜ್ಜ ಸ್ವಲ್ಪ ಹೊತ್ತು ಎಲೆ ಜಗಿದರು. ಆಮೇಲೆ, ನಿಮ್ಮ ಯೇಸು, ನಮ್ಮ ಈಸಾ ಪೈಗಂಬರರು, ಗುಡ್ಡದ ಮೇಲೆ ಹೋಗಿ ತಂದೆಗೆ ಪ್ರಾರ್ಥನೆ ಮಾಡುತ್ತಿದ್ದರಂತಲ್ಲ, ಖರೆಯೇ ಎಂದು ವಿಚಾರಿಸಿದರು. ಖರೆ ಎಂದರು ಅಪ್ಪ.

"ಹಂಗಾದ್ರ ಬರ್ಫ ಹೋಗಿ ಉಗಿಗೆ ಕೈ ಮುಗಿತೈತೇನ್ರಿ?"

ಅವರು ಕುಹಕದಿಂದ ಕೇಳಿದ್ದಲ್ಲ. ತಿಳಿಯಬೇಕೆಂದೇ ಕೇಳಿದ್ದರು. ಅಪ್ಪ ಕೈಯಲ್ಲಿದ್ದ ಎಲೆಯನ್ನು ತಟ್ಟೆಗೆ ಮರಳಿ ಇಟ್ಟರು. ಬಸ್ಸಿನ ಹೊತ್ತಾಯಿತೆಂದು ಎದ್ದರು. ನನಗೆ ಅಜ್ಜನ ಮೇಲೆ ಸಿಟ್ಟು ಬಂತು, ಅಪ್ಪನ ಮೇಲೂ ಬಂತು.

ಮುಂದಿನ ಎರಡು ವಾರ ಅಪ್ಪ ಏನು ಮಾಡಿದರು ಎಂಬುದನ್ನು ಅವ್ವ ಆಮೇಲೆ ಹೇಳಿದಳು. ಮರುದಿನವೇ ಪಾದ್ರಿಗಳ ಮನೆಗೆ ಹೋದರಂತೆ. ಪಾದ್ರಿಗಳು ಆ ನೀರಿನ ಉದಾಹರಣೆ ತಪ್ಪು ಎಂದರಂತೆ. ಒಬ್ಬನೇ ದೇವರು ಮೂರು ವೇಷ ಹಾಕುತ್ತಾನೆ ಎಂದಂತಾಗುತ್ತದೆ. ಕ್ರೈಸ್ತ ಸಭೆ ಅದನ್ನು ಬಹಳ ಹಿಂದೆಯೇ ಬೇಡವೆಂದು ತಳ್ಳಿಹಾಕಿದೆ. ತಂದೆ ಮಗನಲ್ಲ, ಮಗ ಪವಿತ್ರಾತ್ಮನಲ್ಲ, ಆದರೂ ದೇವರು ಒಬ್ಬನೇ. ಅಪ್ಪ ಮನೆಗೆ ಬಂದು ಮಗ್ಗದಲ್ಲಿ ಕೂತು ತಾವೇ ಒಂದು ಉದಾಹರಣೆ ಕಂಡುಹಿಡಿದರಂತೆ. ಹಾಸು, ಹೊಕ್ಕು, ಸೆರಗು, ಕೂಡಿ ಒಂದು ಸೀರೆ. ಪಾದ್ರಿಗಳು ಅದನ್ನೂ ಮುರಿದರು. ಹಾಸೊಂದೇ ಸೀರೆಯಾಗುವುದಿಲ್ಲ, ಅದು ಸೀರೆಯ ಪಾಲು. ದೇವರಿಗೆ ಪಾಲುಗಳಿಲ್ಲ. ಅಪ್ಪ ಮೂರು ಮಗ್ಗ, ಒಬ್ಬನೇ ನೇಕಾರ ಎಂದರು, ಒಂದೇ ಮನೆತನದ ಮೂವರು ಎಂದರು. ಒಂದು ಕಡೆ ದೇವರು ಮೂವರಾಗುತ್ತಿದ್ದರು, ಇನ್ನೊಂದು ಕಡೆ ತಂದೆಯೂ ಮಗನೂ ಬರೀ ಹೆಸರಾಗಿಬಿಡುತ್ತಿದ್ದರು. ನೇಯುತ್ತ ನೇಯುತ್ತ ಲಾಳಿ ಕೈಯಲ್ಲಿ ಹಿಡಿದು ಸುಮ್ಮನೆ ಕೂತುಬಿಡುತ್ತಿದ್ದರು ಎಂದಳು ಅವ್ವ.

ಒಂದು ರವಿವಾರ ಬೆಳಿಗ್ಗೆ ಮೊದಲನೆಯ ಬಸ್ಸಿಗೆ ಅಪ್ಪ ಮಾಗಡಿಗೆ ಬಂದಿಳಿದರು. ಚರ್ಚಿನ ಆರಾಧನೆ ತಪ್ಪಿಸಿ ಬಂದಿದ್ದರು. ಮನೆಯಲ್ಲಿ ಯಾರಿಗೋ ಏನೋ ಆಗಿರಬೇಕು ಎಂದುಕೊಂಡೆ. ಅವರು ನನ್ನ ಖೋಲಿಗೆ ಬರದೆ ನೇರವಾಗಿ ಪಡಸಾಲೆಗೆ ಹೋದರು. ಅಜ್ಜ ಬಿಲ್ಲು ಕಟ್ಟಿ ಹತ್ತಿ ಹಿಂಜುತ್ತಿದ್ದರು. ಅವರ ಗಡ್ಡದ ಮೇಲೆಲ್ಲ ಅರಳೆ.

"ಸಾಹೇಬ್ರ, ಅವತ್ತ ನಾ ಹೇಳಿದ್ದು ತಪ್ಪು. ನಿಮಗಷ್ಟ ಅಲ್ಲ, ನಲವತ್ತ ವರ್ಷ ಮಕ್ಕಳಿಗೂ ತಪ್ಪ ಹೇಳೇನಿ. ಅದನ್ನ ಹೇಳಾಕ ಬಂದೆ," ಎಂದರು.

ಅಜ್ಜ ಬಿಲ್ಲನ್ನು ಕೆಳಗಿಟ್ಟರು. ಇಷ್ಟಕ್ಕಾಗಿ ಬೆಟಗೇರಿಯಿಂದ ಬಂದಿರಾ ಎಂದು ಎರಡು ಸಲ ಕೇಳಿದರು. ಚಹಾ ಕುಡಿಸಿ, ಗಡ್ಡ ಝಾಡಿಸಿಕೊಂಡು, ಕೆರೆಯ ಕಡೆ ಹೋಗೋಣ ಎಂದರು. ನನ್ನನ್ನೂ ಕರೆದರು.

ಚಳಿಗಾಲ. ಮಾಗಡಿ ಕೆರೆಗೆ ಹಕ್ಕಿಗಳು ಬಂದಿದ್ದವು. ನಾವು ಏರಿಯ ಮೇಲೆ ಕೂತಾಗ, ನಸುಕಿನಲ್ಲಿ ಹೊಲಗಳಿಗೆ ಮೇಯಲು ಹೋಗಿದ್ದ ಹೆಬ್ಬಾತುಗಳು ಹಿಂಡುಹಿಂಡಾಗಿ ಮರಳಿ ಬರುತ್ತಿದ್ದವು. ಬಿಳಿ ತಲೆ, ಅದರ ಮೇಲೆ ಎರಡು ಕರಿ ಪಟ್ಟಿ. ಸಾವಿರಾರು ಮೈಲು ಆಚೆಯಿಂದ, ಹಿಮಾಲಯ ದಾಟಿ ಬರುತ್ತವೆ ಎಂದು ನಾನು ಹೇಳಿದೆ. ತಲೆಯ ಮೇಲೆ ಹಾಯುವಾಗ ರೆಕ್ಕೆಗಳ ಸಪ್ಪಳ ಎದೆಗೇ ತಾಕುತ್ತಿತ್ತು. ನೀರು ಕಾಣದಷ್ಟು ಹಕ್ಕಿಗಳು ಇಳಿದವು. ಇವಕ್ಕೆ ದಾರಿ ತೋರಿಸಿದವನು ಒಬ್ಬನೇ ಎಂದರು ಅಜ್ಜ. ಒಬ್ಬನೇ ಎಂದರು ಅಪ್ಪ.

ಆಮೇಲೆ ಅಪ್ಪ ತಮಗೆ ತಿಳಿದಷ್ಟನ್ನು ಹೇಳಿದರು. ಯೇಸುವಿನ ಮೊದಲ ಶಿಷ್ಯರು ಯೆಹೂದ್ಯರು. ದೇವರು ಒಬ್ಬನೇ ಎಂದು ದಿನಾ ಹೇಳಿಕೊಳ್ಳುತ್ತ ಬೆಳೆದವರು. ಜೀವ ಹೋದರೂ ಇನ್ನೊಬ್ಬರಿಗೆ ಅಡ್ಡಬೀಳದವರು. ಅಂಥವರು ಈತನ ಜೊತೆ ಉಂಡು, ನಡೆದು, ಈತ ಸತ್ತದ್ದನ್ನು ಕಂಡು, ಎದ್ದುಬಂದದ್ದನ್ನು ಕಂಡು, ಕೊನೆಗೆ ಈತನ ಪಾದಕ್ಕೆ ಬಿದ್ದರು. ಬಿದ್ದ ಮೇಲೂ ದೇವರು ಒಬ್ಬನೇ ಎನ್ನುವುದನ್ನು ಬಿಡಲಿಲ್ಲ. ಎರಡನ್ನೂ ಕೈಬಿಡದೆ ಹೇಳಲು ಹೋಗಿ ಸಭೆಗೆ ಈ ತ್ರಿಯೇಕದ ಮಾತು ಬಂತು. ಲೆಕ್ಕ ಮಾಡಿ ಕಟ್ಟಿದ ಮಾತಲ್ಲ ಅದು. ಇನ್ನೊಂದನ್ನೂ ಹೇಳಿದರು. ದೇವರು ಪ್ರೀತಿಯಾಗಿದ್ದಾನೆ ಎನ್ನುತ್ತೇವೆ. ಜಗತ್ತು ಹುಟ್ಟುವ ಮೊದಲು, ಈ ಕೆರೆ, ಈ ಹಕ್ಕಿ ಏನೂ ಇಲ್ಲದಾಗ, ಆತ ಯಾರನ್ನು ಪ್ರೀತಿಸುತ್ತಿದ್ದ? ತಂದೆ ಮಗನನ್ನು ಪ್ರೀತಿಸುತ್ತಿದ್ದ ಎನ್ನುತ್ತದೆ ನಮ್ಮ ನಂಬಿಕೆ. ಆ ಒಬ್ಬನೊಳಗೆ ಆಗಲೇ ಪ್ರೀತಿ ಇತ್ತು. ಅಪ್ಪ ಇದನ್ನು ಹೇಳುವಾಗ ಅವರ ದನಿ ಸಣ್ಣಗಾಗಿತ್ತು. ಸಂಡೇ ಸ್ಕೂಲಿನ ದನಿ ಅದಾಗಿರಲಿಲ್ಲ.

ಅಜ್ಜ ಒಪ್ಪಲಿಲ್ಲ. ಅಲ್ಲಾಹನಿಗೆ ಯಾರ ಗರಜೂ ಇಲ್ಲ, ಪ್ರೀತಿಸಲು ಇನ್ನೊಬ್ಬರು ಬೇಕೆಂದೂ ಇಲ್ಲ, ಆತ ಯಾರನ್ನೂ ಹಡೆದಿಲ್ಲ ಎಂದರು. ಮನುಷ್ಯರು ಹಡೆಯುವ ಅರ್ಥದಲ್ಲಿ ನಾವೂ ಮಗ ಎಂದು ಹೇಳುವುದಿಲ್ಲ ಎಂದರು ಅಪ್ಪ. ಆಗ ಅಜ್ಜ ತಮ್ಮ ಉಸ್ತಾದರಿಂದ ಕೇಳಿದ್ದ ಒಂದು ವಿಷಯ ತೆಗೆದರು. ಅಜ್ಜ ಹುಡುಗರಿದ್ದಾಗ ಲಕ್ಷ್ಮೇಶ್ವರದಲ್ಲಿ ಓದಿಸಿದ ಗುರುಗಳು ಅವರು. ಅಲ್ಲಾಹನ ಮಾತು, ಅಂದರೆ ಕುರಾನು, ಆತನಷ್ಟೇ ಅನಾದಿ, ಅದು ಸೃಷ್ಟಿಯಲ್ಲ ಎಂದು ಉಸ್ತಾದರು ಕಲಿಸಿದ್ದರಂತೆ. ಹಾಗಾದರೆ ಅನಾದಿಯಾದವು ಎರಡಾದವಲ್ಲ ಎಂದು ಅಜ್ಜ ಕೇಳಿದ್ದರು. ಆ ಮಾತು ಆತನೇ ಎನ್ನಬೇಡ, ಆತನಿಂದ ಬೇರೆ ಎಂದೂ ಎನ್ನಬೇಡ, ಹೇಗೆ ಎಂದು ಕೇಳಬೇಡ ಎಂದಿದ್ದರು ಉಸ್ತಾದರು.

ಅಪ್ಪ ಅಜ್ಜನ ಮುಖವನ್ನೇ ನೋಡಿದರು. ನಮ್ಮ ಯೋಹಾನನ ಸುವಾರ್ತೆ ಶುರುವಾಗುವುದೇ ದೇವರ ಜೊತೆಗಿದ್ದ ಆ ಮಾತಿನಿಂದ ಎಂದರು.

"ನಾವು ಅಲ್ಲೇ ನಿಂತ್ವಿ," ಎಂದರು ಅಜ್ಜ. "ನೀವು ಆ ಮಾತು ಮನಷ್ಯಾ ಆಗಿ ಬಂತು ಅಂತೀರಿ. ಅಲ್ಲಿ ನಂಗ ಕಾಲು ಮುಂದಕ್ಕ ಬರಂಗಿಲ್ಲ, ಹಿರ್ಯಾರ."

"ಮುಂದ ಹೋದವ್ರಿಗೂ ಕಾಲ ನಡಗತಾವ," ಎಂದರು ಅಪ್ಪ.

ನಾನು ಅವರಿಬ್ಬರ ನಡುವೆ ಏರಿಯ ಕಲ್ಲಿನ ಮೇಲೆ ಕೂತಿದ್ದೆ. ಹುಟ್ಟಿದಾಗಿನಿಂದ ತಂದೆ, ಮಗ, ಪವಿತ್ರಾತ್ಮ ಎಂದು ಒಂದೇ ಉಸಿರಿನಲ್ಲಿ ಹೇಳುತ್ತ ಬಂದವಳು. ಅದು ಬಾಯಿಪಾಠದ ಸಾಲೆಂದುಕೊಂಡಿದ್ದೆ. ಅಷ್ಟು ಆಳದ ಮೇಲೆ ದಿನಾ ಲಕ್ಷ್ಯವಿಲ್ಲದೆ ಓಡಾಡಿದ್ದೆನಲ್ಲ ಎಂದು ಅನ್ನಿಸಿತು.

ಮುಂದಿನ ಬೇಸಿಗೆಯಲ್ಲಿ ಅಜ್ಜನ ಮೊಮ್ಮಗಳ ನಿಕಾಹ್ ಲಕ್ಷ್ಮೇಶ್ವರದಲ್ಲಿ ಆಯಿತು. ನಾನೂ ಹೋಗಿದ್ದೆ. ಊಟದ ಮೇಲೆ ಮುಂಡರಗಿಯಿಂದ ಬಂದಿದ್ದ ಅವರ ಬೀಗರೊಬ್ಬರು, ನಾನು ಯಾರೆಂದು ತಿಳಿದು, ಮೂರು ದೇವರ ಮಂದಿ ಎಂದು ನಗುತ್ತ ಅಂದರು. ಸುತ್ತ ಕೂತವರೂ ನಕ್ಕರು. ನಾನು ತಲೆ ತಗ್ಗಿಸಿದೆ. ಅಜ್ಜ ಪೇಟ ಸರಿಮಾಡಿಕೊಳ್ಳುತ್ತ ಎದ್ದು ನಿಂತರು. ಬೀಗರ ಮುಂದೆ ದನಿ ಏರಿಸುವ ಜಾಗವಲ್ಲ ಅದು, ಏರಿಸಲೂ ಇಲ್ಲ.

"ಅವರು ಒಬ್ಬನ ಅಂತಾರ. ಹ್ಯಾಂಗ ಒಬ್ಬ ಅನ್ನೂದು ನನಗ ತಿಳದಿಲ್ಲ, ನಾ ಒಪ್ಪೂದೂ ಇಲ್ಲ. ಆದ್ರ ಅವರು ಹೇಳದ ಮಾತನ್ನ ಹೇಳ್ಯಾರ ಅನಬ್ಯಾಡ್ರಿ. ಅದು ಸುಳ್ಳಾಗತೈತಿ."

ನಗು ನಿಂತಿತು. ಬೀಗರು ನನ್ನ ಕಡೆ ತಿರುಗಿ ತಪ್ಪಾಯಿತು ತಾಯಿ ಎಂದರು. ಶನಿವಾರ ಬೆಟಗೇರಿಗೆ ಹೋಗಿ ಅಪ್ಪನಿಗೆ ಇದನ್ನು ಹೇಳಿದಾಗ ಅವರು ಮಗ್ಗ ನಿಲ್ಲಿಸಿ, ಎದ್ದು ಹಿತ್ತಲಿಗೆ ಹೋದರು. ಬರುವಾಗ ಮುಖ ತೊಳೆದುಕೊಂಡು ಬಂದಿದ್ದರು. ಆಮೇಲೆ ಸಂಡೇ ಸ್ಕೂಲಿನಲ್ಲಿ ಅವರು ನೀರಿನ ಉದಾಹರಣೆ ಹೇಳಲಿಲ್ಲ, ಬೇರೆಯದನ್ನೂ ಹೇಳಲಿಲ್ಲ. ತಂದೆ, ಮಗ, ಪವಿತ್ರಾತ್ಮ ಎಂದು ಹೇಳಿಸುವಾಗ, ಇದು ದೊಡ್ಡದು, ನಿಧಾನವಾಗಿ ಹೇಳಿರಿ ಎಂದು ಮಕ್ಕಳಿಗೆ ಕಲಿಸುತ್ತಿದ್ದರು.

ಆ ವರ್ಷ ಏಳನೆಯ ತರಗತಿಗೆ ನಾನು ವಚನಗಳ ಪಾಠ ಮಾಡುತ್ತಿದ್ದೆ. ಏಕವಚನ, ಬಹುವಚನ. ಕುರಿಕಾಯುವವರ ಮನೆಯ ಹುಡುಗಿಯೊಬ್ಬಳು ಎದ್ದು ನಿಂತು, ಅವರು, ಇವರು ಬಹುವಚನವಾದರೆ ದೇವರು ಯಾವ ವಚನ ಎಂದು ಕೇಳಿದಳು. ದೇವರು ಇದ್ದಾನೆ ಎಂದು ಹಲಗೆಯ ಮೇಲೆ ಬರೆದೆ. ನಾಮಪದದ ರೂಪ ಬಹುವಚನ, ಕ್ರಿಯಾಪದ ಏಕವಚನ. ಹುಟ್ಟಿದಾಗಿನಿಂದ ಆಡುತ್ತಿದ್ದ ಮಾತು. ಗೌರವಕ್ಕಾಗಿ ಹಾಗೆ ಹೇಳುತ್ತೇವೆ ಎಂದು ವಿವರಿಸಿದೆ. ವ್ಯಾಕರಣದಿಂದ ಏನೂ ಸಾಬೀತಾಗುವುದಿಲ್ಲ, ಅದು ನನಗೆ ಗೊತ್ತಿತ್ತು. ಆದರೂ ಆ ಎರಡು ಪದಗಳ ಮುಂದೆ ಸೀಮೆಸುಣ್ಣ ಹಿಡಿದು ನಿಂತೆ. ಮಕ್ಕಳು ಕಾಯುತ್ತಿದ್ದರು. ಮುಂದಿನ ಸಾಲು ಬರೆಯುವ ಮೊದಲು ಆ ಸಾಲನ್ನು ಇನ್ನೊಮ್ಮೆ, ನಿಧಾನವಾಗಿ ಓದಿದೆ.