ಶಕುಂತಲಾಬಾಯಿಯ ಹಲ್ಲಿನ ತೀರ್ಪು

ಹುಮನಾಬಾದಿನ ವೈಜಿನಾಥ ಸಾವಕಾರರ ದಾಲ್ ಮಿಲ್ಲಿನಲ್ಲಿ ಕಾಳಿನ ತೇವ ಅಳೆಯುವ ಯಂತ್ರವೊಂದಿದೆ. ಅದರ ಮೇಲೆ ಬೆರಳು ದಪ್ಪ ಧೂಳು. ಯಾಕೆಂದರೆ ಮೂವತ್ತೊಂದು ವರ್ಷಗಳಿಂದ ಅಲ್ಲಿ ಶಕುಂತಲಾಬಾಯಿಯ ಹಲ್ಲಿದೆ. ಕಾಳು ಹಸನು ಮಾಡುವ ಕೆಲಸಕ್ಕೆ ಬಂದ ಈಕೆ, ಒಂದು ತೊಗರಿ ಕಾಳು ಕಡಿದರೆ ಸಾಕು, ಎಷ್ಟು ಒಣಗಿದೆ, ಬೇಳೆ ಎಷ್ಟು ಬೀಳುತ್ತದೆ ಎಂದು ಹೇಳಿಬಿಡುತ್ತಾಳೆ. ಆಕೆಯ ಊರಾದ ಹುಡಗಿಯಿಂದ ಬರುವ ಬೆಳಗಿನ ಬಸ್ಸು ತಡವಾದರೆ ಸಾವಕಾರರು ಖರೀದಿಯನ್ನೇ ತಡೆಯುತ್ತಾರೆ. ಗಂಡ ಬಕ್ಕಪ್ಪ ಮಾತ್ರ ಚೇಷ್ಟೆ ಮಾಡುತ್ತಾನೆ: "ನಮ್ಮ ಮನಿ ಅನ್ನ ತಿಂದು ಹಲ್ಲು ಸಾವಕಾರಗ ದುಡೀತಾವ ನೋಡು!"

ಆ ಹಲ್ಲಿಗೆ ಪರದೇಶದ ಪರೀಕ್ಷೆ ಬಂದದ್ದು ಕಳೆದ ಜನವರಿಯಲ್ಲಿ. ಆಫ್ರಿಕಾದ ಪುಟ್ಟ ದೇಶ ಮಲಾವಿಯಿಂದ ನೇರವಾಗಿ ತೊಗರಿ ತರಿಸುವ ಮಾತುಕತೆ ನಡೆದಿತ್ತು. ಅಲ್ಲಿನ ರೈತ ಹೆಂಗಸರ ಸಂಘದ ಪರವಾಗಿ ಚಿಸೊಮೊ ಎಂಬಾಕೆ ಒಂದು ಚೀಲ ಮಾದರಿ ಕಾಳು ಹೊತ್ತು ಬಂದಳು. ಬಸವಕಲ್ಯಾಣದ ಕಾಲೇಜಿನಲ್ಲಿ ಇಂಗ್ಲಿಷ್ ಕಲಿಸುವ ಬಸವಕಿರಣ ದುಭಾಷಿಯಾಗಿದ್ದ. ಬೆಳಿಗ್ಗೆ ಚಿಸೊಮೊಗೆ ಬಸವಕಲ್ಯಾಣ ತೋರಿಸಿ ಮಧ್ಯಾಹ್ನ ಮಿಲ್ಲಿಗೆ ಕರೆತಂದ.

ಶಕುಂತಲಾಬಾಯಿಗೂ ಒಂದು ದೇಶವಿತ್ತು, ಮಲಾವಿಗಿಂತ ಚಿಕ್ಕದು: ಮಗ ಸತೀಶಕುಮಾರನ ಮೂರೆಕರೆ ಹೊಲ. ಅದರ ತೊಗರಿ ಇನ್ನೂ ಮಾರದೆ ಮನೆಯಲ್ಲೇ ಇತ್ತು. ಹಡಗು ತುಂಬ ಕಾಳು ಬಂದರೆ ತಮ್ಮದನ್ನು ಕೇಳುವವರು ಯಾರು ಎಂಬ ಚಿಂತೆ ಆಕೆಯನ್ನು ಎರಡು ದಿನದಿಂದ ಕಾಡುತ್ತಿತ್ತು.

ಮೇಜಿನ ಮೇಲೆ ಎರಡು ಮೊರ ಇಟ್ಟರು. ಒಂದರಲ್ಲಿ ಮಲಾವಿಯ ಕಾಳು, ಇನ್ನೊಂದರಲ್ಲಿ ಈ ಸೀಮೆಯದು. ಶಕುಂತಲಾಬಾಯಿ ಮಲಾವಿಯ ಕಾಳು ಕಡಿದಳು. ಚೆನ್ನಾಗಿ ಒಣಗಿದ, ತುಂಬಿದ ಕಾಳು. ತಲೆಯೆತ್ತಿದರೆ ಎದುರಿಗೆ ಚಿಸೊಮೊ ಕೂಡ ಈ ಸೀಮೆಯ ಕಾಳೊಂದನ್ನು ದವಡೆಗಿಟ್ಟು, ಕಣ್ಣು ಮುಚ್ಚಿ ಕಡಿಯುತ್ತಿದ್ದಳು.

"ಹ್ಯಾಂಗ ಅದ ಬಾಯಿ?" ಸಾವಕಾರರು ಕೇಳಿದರು.

"ಛಲೋ ಇಲ್ರಿ. ಒಳಗ ಹಸಿ ಅದ. ಬ್ಯಾಳಿ ನುಚ್ಚಾಗ್ತದ."

ಮೂವತ್ತೊಂದು ವರ್ಷದಲ್ಲಿ ಅದು ಆಕೆ ಆಡಿದ ಮೊದಲ ಸುಳ್ಳು.

ಬಸವಕಿರಣ ಅದನ್ನು ಇಂಗ್ಲಿಷಿನಲ್ಲಿ ಹೇಳಿದ. ಚಿಸೊಮೊ ವಾದಕ್ಕಿಳಿಯಲಿಲ್ಲ. ಮೆಲ್ಲಗೆ ಏನೋ ಅಂದಳು.

"ಒಣಗಿಸೋದ್ರಾಗ ನಮ್ದೇ ತಪ್ಪಾಗಿರಬೇಕು ಅಂತಾರ್ರಿ," ಎಂದ ಬಸವಕಿರಣ. "ಊರಾಗಿನ ಹೆಣ್ಮಕ್ಕಳಿಗಿ ಏನು ಹೇಳ್ಲಿ ಅಂತ ಚಿಂತಿ ಮಾಡಾಕತ್ತಾರ."

ಶಕುಂತಲಾಬಾಯಿ ಆಕೆಯ ಮುಖ ನೋಡಲಾರದೆ ಮೇಜಿನ ಮೇಲೆ ಚೆಲ್ಲಿದ ಕಾಳು ಆರಿಸತೊಡಗಿದಳು.

ಹೊರಟುನಿಂತ ಹೆಣ್ಣುಮಗಳನ್ನು, ಮಡಿಲಿಗೆ ಕಾಯಿ-ಕಾಳು ಹಾಕಿ ಉಡಿ ತುಂಬದೆ ಕಳಿಸುವ ಪದ್ಧತಿ ಈ ಕಡೆ ಇಲ್ಲ, ಆಕೆ ಯಾವ ದೇಶದವಳೇ ಆಗಲಿ. ಸಾವಕಾರರ ಮನೆಯಿಂದ ತೆಂಗಿನಕಾಯಿ, ಕುಬಸದ ಬಟ್ಟೆ, ಅರಿಸಿನದ ಕೊಂಬು ಬಂದಿದ್ದವು, ಆದರೆ ಉಡಿಗೆ ಹಾಕುವ ಅಕ್ಕಿಯನ್ನೇ ಮರೆತಿದ್ದರು.

"ಹಸನಾದ ಕಾಳು ಯಾವ್ದಾರ ನಡೀತದ. ನೀವೇ ತುಂಬ್ರಿ ಬಾಯಿ," ಎಂದರು ಸಾವಕಾರರು.

ಬಸವಕಿರಣ ಹೇಳಿಕೊಟ್ಟಂತೆ ಚಿಸೊಮೊ ಸೊಂಟಕ್ಕೆ ಸುತ್ತಿದ ಹೂವಿನ ಬಟ್ಟೆಯ ಸೆರಗನ್ನು ಒಡ್ಡಿದಳು. ಉಡಿಗೆ ಹಾಕುವ ಕಾಳಿನಲ್ಲಿ ಹುಳುಕು, ಹಸಿ ಇರಬಾರದು. ಇದ್ದುದರಲ್ಲಿ ಒಳ್ಳೆಯದನ್ನೇ ಹಾಕಬೇಕು. ಹೆಣ್ಣುಮಕ್ಕಳ ಉಡಿ ತುಂಬಿ ತುಂಬಿ ಪಳಗಿದ ಶಕುಂತಲಾಬಾಯಿಯ ಕೈ ಯಾರನ್ನೂ ಕೇಳದೆ ಒಂದು ಮೊರದ ಕಡೆ ಹೋಯಿತು. ಒಂದು ಬೊಗಸೆ, ಎರಡು, ಮೂರು, ನಾಲ್ಕು.

"ಬಾಯಿ," ಎಂದರು ಸಾವಕಾರರು. "ಅದು ಮಲಾವಿದು. ಹಸೀ ಕಾಳು ಉಡಿಗಿ ಹಾಕ್ತಾರೇನ್ರಿ?"

ಶಕುಂತಲಾಬಾಯಿ ಮೊರ ನೋಡಿದಳು, ತನ್ನ ಕೈ ನೋಡಿಕೊಂಡಳು. ಕಣ್ಣು ತುಂಬಿ ಬಂತು.

"ಸುಳ್ಳಾಡೀನ್ರಿ ಸಾವಕಾರ್ರ. ಕಾಳು ಬಂಗಾರದಂಥಾದ್ದು ಅದ. ನಮ್ಮ ಸತೀಶನ ತೊಗರಿ ಇನ್ನಾ ಮನ್ಯಾಗ ಅದರಿ. ಈಕಿದು ಬಂದ್ರ ಅವನ್ದು ಯಾರು ಕೇಳ್ತಾರ?"

ಬಸವಕಿರಣ ಒಂದಕ್ಷರ ಬಿಡದೆ ತಿಳಿಸಿದ. ಚಿಸೊಮೊ ಸಿಟ್ಟಾಗುತ್ತಾಳೆಂದು ಎಲ್ಲರೂ ಕಾದರು. ಆಕೆ ಬಹಳ ಹೊತ್ತು ಮಾತಾಡಿದಳು.

"ಇವರೂರಿಗಿ ಹೊರದೇಶದ ಅಕ್ಕಿ ಬಂದಾಗ, ಹುಳಾ ಅವ ಅಂತ ಇವರೂ ಸುಳ್ಳು ಹೇಳಿದ್ರಂತ," ಎಂದ ಬಸವಕಿರಣ. "ಇವರ ಮಗನೂ ಅದೇ ವರ್ಷ ಭತ್ತ ಬೆಳದಿದ್ನಂತ."

ಸಾವಕಾರರು ಶಕುಂತಲಾಬಾಯಿಯ ಕಡೆ ತಿರುಗಿದರು. "ಸೋಮವಾರ ಸತೀಶನ ತೊಗರಿ ತರಸ್ರಿ. ಕಡದು ನೀವೇ ಹೇಳ್ರಿ ಹ್ಯಾಂಗ ಅದ ಅಂತ. ನಿಮ್ಮ ಮಾತಿನ ಮ್ಯಾಲೇ ತಗೋತೀನಿ."

ಸುಳ್ಳು ಸಿಕ್ಕಿಬಿದ್ದ ಮೇಲೂ ತನ್ನ ಮಾತನ್ನು ನಂಬಿದರಲ್ಲ ಎಂದು ಶಕುಂತಲಾಬಾಯಿ ಇನ್ನಷ್ಟು ಅತ್ತಳು. ಹಡಗಿನ ಕಾಳು ಬಂದರೆ ಮುಂದಿನ ವರ್ಷ ದರ ಏನಾಗುತ್ತದೋ, ಆ ಭಯ ಹೋಗಿರಲಿಲ್ಲ. ಉಡಿಗೆ ಐದು ಬೊಗಸೆ ಆಗಬೇಕು, ಇನ್ನೊಂದು ಉಳಿದಿತ್ತು. ಕಣ್ಣೊರೆಸಿಕೊಂಡು, ಈ ಸೀಮೆಯ ತೊಗರಿಯಿಂದ ಐದನೆಯ ಬೊಗಸೆ ತುಂಬಿ, ಅದರಲ್ಲಿದ್ದ ಒಂದು ಒಡಕು ಕಾಳನ್ನು ಹೆಕ್ಕಿ ತೆಗೆದು, ಚಿಸೊಮೊಳ ಉಡಿಗೆ ಹಾಕಿದಳು.