ರೀಲು ಬದಲಿಸುವಾಗ ಹೇಳಿದ ಅಭಿಪ್ರಾಯ

ಪುತ್ತೂರಿನ ಟೆಂಟ್ ಸಿನಿಮಾದಲ್ಲಿ ಎರಡನೇ ರೀಲು ಮುಗಿದು ದೀಪ ಹತ್ತಿದಾಗ ಬೆಂಚಿನವರೆಲ್ಲ ತಿರುಗಿ ನನ್ನನ್ನು ನೋಡಿದರು. ಮುಂದಿನ ರೀಲು ಹಾಕುವಷ್ಟರಲ್ಲಿ ಪಿಕ್ಚರ್ ಹೇಗಿದೆ ಎಂದು ಹೇಳುವುದು ನನ್ನ ಅಣ್ಣನ ಕೆಲಸವಾಗಿತ್ತು. ಬಂದ ಪಿಕ್ಚರ್ ಒಂದನ್ನೂ ಬಿಡದ ಅವನು ಕುರ್ಚಿಯಲ್ಲಿ ಮಾತ್ರ ಕೂರುತ್ತಿರಲಿಲ್ಲ. ಹೆಚ್ಚು ದುಡ್ಡು ಕೊಟ್ಟು ತಿಗಣೆ ಸಾಕುವುದು ಯಾಕೆ ಎನ್ನುತ್ತಿದ್ದ. ಅವನು ತೀರಿಕೊಂಡು ಎರಡು ತಿಂಗಳಾಗಿತ್ತು. ಅವನ ಜಾಗದಲ್ಲಿ ಕೂತಿದ್ದ ನಾನು ಯಾವ ಪಿಕ್ಚರಿನ ಬಗ್ಗೆಯೂ ಬಾಯಿ ಬಿಟ್ಟವನಲ್ಲ.

“ಹೇಳಿ ಮಾರಾಯ್ರೆ, ಒಳ್ಳೆದುಂಟಾ ಇಲ್ವಾ? ನಿಮ್ಮಣ್ಣ ಹೇಳದೆ ನಮಗೆ ಗೊತ್ತಾಗುದು ಹೇಗೆ?” ಎಂದರು ಪಕ್ಕದಲ್ಲಿದ್ದ ಒಣಮೀನು ವ್ಯಾಪಾರದ ಅಬ್ಬಾಸ್ ಬ್ಯಾರಿ.

ಸುಮ್ಮನಿದ್ದರೆ ಅಣ್ಣನ ಮರ್ಯಾದೆ ಹೋಗುತ್ತದೆ ಎನಿಸಿತು. “ನಾಯಕ ಅಳುದು ಸ್ವಲ್ಪ ಜಾಸ್ತಿಯಾಯ್ತು” ಎಂದೆ.

ಅಬ್ಬಾಸ್ ಬ್ಯಾರಿ ನನ್ನ ಮುಖವನ್ನೇ ನೋಡಿದರು. “ಅವನದ್ದು ಜಾಸ್ತಿ, ಸರಿ. ನಿಮ್ಮದು ಎಂತ ಮತ್ತೆ?”

ನನ್ನ ಕೆನ್ನೆ ಒದ್ದೆಯಾಗಿದ್ದುದು ನನಗೆ ತಿಳಿದದ್ದೇ ಆಗ. ಬೆಂಚಿನವರೆಲ್ಲ ನಕ್ಕರು. ನಾನೂ ನಕ್ಕೆ.

ಈಗ ಪ್ರತಿ ಪಿಕ್ಚರಿಗೂ ಹೋಗುತ್ತೇನೆ. ದೀಪ ಹತ್ತಿದ ಕೂಡಲೇ ಕೇಳುತ್ತಾರಲ್ಲ ಎಂದು ಕಥೆಯನ್ನು ಗಮನವಿಟ್ಟು ನೋಡಬೇಕಾಗುತ್ತದೆ. ಅಳುವುದಕ್ಕೆ ಪುರುಸೊತ್ತಾಗುವುದಿಲ್ಲ.